ಅಪಾಸ್ಟಿಲ್ ಅಂದರೆ ಏನು?

ಬೆಂಗಳೂರಿನ ಕೌಟುಂಬಿಕ ನ್ಯಾಯಾಲಯದಲ್ಲಿ ವಿಚ್ಛೇದನ ಆಗಿದೆ. ಈಗ ಲಂಡನ್‌ನಲ್ಲಿ ಮರುಮದುವೆ, ಅಲ್ಲಿನ ಕಚೇರಿಯವರು ಡಿಕ್ರಿ, ಅಂದರೆ ವಿಚ್ಛೇದನ ಕೊಟ್ಟ ಕೋರ್ಟಿನ ಆದೇಶ ತೋರಿಸಿ ಅನ್ನುತ್ತಾರೆ ಅಂದುಕೊಳ್ಳಿ. ನಮ್ಮ ಕೋರ್ಟಿನ ಮೊಹರು ಹೇಗಿರುತ್ತದೆ ಅಂತ ಅವರಿಗೇನು ಗೊತ್ತು? ಸಹಿ ಹಾಕಿದವರು ಕೋರ್ಟಿನವರೇ ಅಂತ ಯಾರಾದರೂ ಹೇಳಬೇಕು, ಅಲ್ವಾ? ಹಾಗೆ ಹೇಳುವ ಪ್ರಮಾಣಪತ್ರವೇ ಅಪಾಸ್ಟಿಲ್. ಪದ ಫ್ರೆಂಚಿನದು, ಕಾಗದದ ಅಂಚಿನಲ್ಲಿ ಬರೆದ ಟಿಪ್ಪಣಿ ಅಂತ ಅರ್ಥ. 1961ರ ಅಕ್ಟೋಬರ್ 5ರ ಹೇಗ್ ಒಪ್ಪಂದದಿಂದ ಬಂದ ಈ ಪದ್ಧತಿ ಭಾರತದಲ್ಲಿ 2005ರ ಜುಲೈ 14ರಿಂದ ಜಾರಿಯಲ್ಲಿದೆ.

ಮೊದಲು ಬೇಕಾದದ್ದು ಡಿಕ್ರಿಯ ದೃಢೀಕೃತ ನಕಲು, ಅಂದರೆ ಸರ್ಟಿಫೈಡ್ ಕಾಪಿ. ಅದನ್ನು ಕೋರ್ಟಿನಿಂದಲೇ ಪಡೆಯಬೇಕು. ಕೊನೆಯ ಪುಟದ ಕೆಳಗೆ ನೋಡಿ: ಇದು ನಿಜವಾದ ಪ್ರತಿ ಎಂಬ ಮಾತು, ತಾರೀಖು, ಅಧಿಕಾರಿಯ ಸಹಿ, ಹೆಸರು, ಹುದ್ದೆ, ಜೊತೆಗೆ ಮೊಹರು. ಭಾರತೀಯ ಸಾಕ್ಷ್ಯ ಅಧಿನಿಯಮದ 75ನೇ ಸೆಕ್ಷನ್ ಕೇಳುವುದು ಇದನ್ನೇ. ಸುಮ್ನೆ ಜೆರಾಕ್ಸ್ ಮಾಡಿಸಿ ನೋಟರಿ ಹತ್ತಿರ ಸೀಲ್ ಹಾಕಿಸಿದರೆ ಅದು ಕೋರ್ಟಿನ ದಾಖಲೆ ಆಗುವುದಿಲ್ಲ. ಅದರ ಮೇಲೆ ಇರುವುದು ನೋಟರಿಯ ಸಹಿ ಮಾತ್ರ. ಈ ವ್ಯತ್ಯಾಸವನ್ನು ದಯವಿಟ್ಟು ಮರೆಯಬೇಡಿ.

ಆ ನಕಲನ್ನು ರಾಜ್ಯದ ಗೃಹ ಇಲಾಖೆ ಅಥವಾ ಸಾಮಾನ್ಯ ಆಡಳಿತ ಇಲಾಖೆ ದೃಢೀಕರಿಸುತ್ತದೆ. ಆಮೇಲೆ ಕೇಂದ್ರದ ವಿದೇಶಾಂಗ ಸಚಿವಾಲಯ ಅಪಾಸ್ಟಿಲ್ ಕೊಡುತ್ತದೆ. ಸಹಿ ಯಾರದು, ಯಾವ ಹುದ್ದೆಯಲ್ಲಿ ಹಾಕಿದ್ದು, ಮೊಹರು ಯಾರದು, ಎಲ್ಲಿ, ಯಾವತ್ತು ಕೊಟ್ಟಿದ್ದು, ಹೀಗೆ 10 ಅಂಶಗಳು ಅದರಲ್ಲಿರುತ್ತವೆ. ಯಾವ ದೇಶ ಕೊಟ್ಟರೂ ಇದೇ ಕ್ರಮ, ತಲೆಬರಹ ಮಾತ್ರ ಫ್ರೆಂಚಿನಲ್ಲೇ ಇರಬೇಕು. ಭಾಷೆ ಬಾರದಿದ್ದರೂ ಏಳನೇ ಸಾಲಿನಲ್ಲಿ ಏನಿದೆ ಅಂತ ಅಲ್ಲಿನ ಗುಮಾಸ್ತರಿಗೆ ಗೊತ್ತಾಗುತ್ತದೆ. ನನಗೆ ಇದು ತುಂಬಾ ಜಾಣತನದ ಏರ್ಪಾಡು ಅನಿಸುತ್ತದೆ.

ಆದರೆ ಅಪಾಸ್ಟಿಲ್ ಹೇಳುವುದು ಸಹಿ, ಹುದ್ದೆ, ಮೊಹರಿನ ಬಗ್ಗೆ ಮಾತ್ರ. ಒಳಗಿನ ತೀರ್ಪು ಸರಿ ಅಂತಲೋ, ಆ ದೇಶ ಅದನ್ನು ಒಪ್ಪಲೇಬೇಕು ಅಂತಲೋ ಅದು ಹೇಳುವುದಿಲ್ಲ. ಅದು ಅಲ್ಲಿನ ಕಾನೂನಿಗೆ ಬಿಟ್ಟದ್ದು.

ಎಲ್ಲ ದೇಶಗಳೂ ಈ ಒಪ್ಪಂದದಲ್ಲಿಲ್ಲ. ಕೆನಡಾದಲ್ಲಿ ಇದು ಜಾರಿಗೆ ಬಂದದ್ದೇ 2024ರ ಜನವರಿ 11ರಂದು. ದುಬೈಗೆ ಹೋಗುವ ಕಾಗದವಾದರೆ ಅಪಾಸ್ಟಿಲ್ ಸಾಲದು, ಯುಎಇ ರಾಯಭಾರ ಕಚೇರಿಯ ಅಟೆಸ್ಟೇಷನ್ ಬೇಕು.