ತಿಥಿ ಗೊತ್ತಿದ್ದರೆ ಚಂದ್ರ ಎಲ್ಲಿದ್ದಾನೆಂದು ಹೇಳಬಹುದು

ಚಂದ್ರನ ಕಲೆಗಳನ್ನು, ಅಂದರೆ ಅವನು ಹಿಗ್ಗಿ ಕುಗ್ಗುವ ಹಂತಗಳನ್ನು, ಓದಲು ಕೂರುವ ಹೆಚ್ಚಿನವರ ಮನಸ್ಸಿನಲ್ಲಿ ಭೂಮಿಯ ನೆರಳು ಬಿದ್ದು ಚಂದ್ರ ಸವೆಯುತ್ತಾನೆ ಎಂಬ ಕಲ್ಪನೆ ಬೇರೂರಿರುತ್ತದೆ. ಶುಕ್ಲ ಅಷ್ಟಮಿಯ ದಿನ ಸಂಜೆ ನಾಲ್ಕರ ಹೊತ್ತಿಗೆ ಆಕಾಶ ನೋಡಿ. ಪಶ್ಚಿಮದಲ್ಲಿ ಸೂರ್ಯ, ಪೂರ್ವದ ಕಡೆ ಮೇಲೇರುತ್ತಿರುವ ಅರ್ಧಚಂದ್ರ. ಭೂಮಿಯ ನೆರಳು ಸೂರ್ಯನಿಗೆ ನೇರ ಎದುರು ದಿಕ್ಕಿಗೆ ಚಾಚುವುದರಿಂದ ಆಗ ಅದು ದಿಗಂತದ ಕೆಳಗಿರುತ್ತದೆ. ಚಂದ್ರನನ್ನು ಅದು ಮುಟ್ಟುವುದು ಗ್ರಹಣದಲ್ಲಿ ಮಾತ್ರ. ಚಂದ್ರನ ಕಕ್ಷೆ ಸುಮಾರು 5 ಡಿಗ್ರಿ ಓರೆಯಾಗಿರುವುದರಿಂದ ಪ್ರತಿ ಹುಣ್ಣಿಮೆಗೂ ಗ್ರಹಣವಾಗುವುದಿಲ್ಲ.

ಗ್ರಹಣದ ಹೊತ್ತನ್ನು ಬಿಟ್ಟರೆ ಚಂದ್ರನ ಅರ್ಧ ಮೈಮೇಲೆ ಸದಾ ಬಿಸಿಲಿರುತ್ತದೆ. ಅದರಲ್ಲಿ ನಮ್ಮ ಕಣ್ಣಿಗೆ ಎಷ್ಟು ಬೀಳುತ್ತದೆ ಎಂಬುದು ಸೂರ್ಯ, ಚಂದ್ರರ ನಡುವಿನ ಕೋನವನ್ನು ಅವಲಂಬಿಸಿದೆ. ಪಂಚಾಂಗದ ತಿಥಿ ಈ ಕೋನದ ಅಳತೆಯೇ: 12 ಡಿಗ್ರಿಗೆ ಒಂದು ತಿಥಿ, ಪೂರ್ಣ ಸುತ್ತಿಗೆ 30 ತಿಥಿ, ಅಂದರೆ ಸರಾಸರಿ 29.53 ದಿನ. ಚಂದ್ರನ ವೇಗ ಏಕರೂಪವಾಗಿಲ್ಲ. ಹಾಗಾಗಿ ಒಂದು ತಿಥಿ ಸುಮಾರು 19ರಿಂದ 26 ಗಂಟೆಯವರೆಗೆ ಹಿಗ್ಗಿ ಕುಗ್ಗುತ್ತದೆ.

ನನಗೆ ಈ ಪಾಠದಲ್ಲಿ ಅತ್ಯಂತ ಇಷ್ಟವಾದದ್ದು ಮುಂದಿನ ಲೆಕ್ಕ. ಆಕಾಶ ಗಂಟೆಗೆ 15 ಡಿಗ್ರಿ ತಿರುಗುವಂತೆ ಕಾಣುತ್ತದೆ. ಹುಣ್ಣಿಮೆಯ ಚಂದ್ರ ಸೂರ್ಯ ಮುಳುಗುವ ವೇಳೆಗೆ ಹುಟ್ಟುತ್ತಾನೆ. ಬಹುಳ ಚೌತಿಯಲ್ಲಿ ಅವನು ಆ ಸ್ಥಾನದಿಂದ 36ರಿಂದ 48 ಡಿಗ್ರಿ ಪೂರ್ವಕ್ಕೆ ಸರಿದಿರುತ್ತಾನೆ. 15ರಿಂದ ಭಾಗಿಸಿದರೆ ಎರಡೂವರೆಯಿಂದ ಮೂರು ಗಂಟೆಯಷ್ಟು ತಡ. ಸಂಕಷ್ಟಿಯ ಉಪವಾಸದವರು ರಾತ್ರಿ ಒಂಬತ್ತರ ಆಸುಪಾಸಿನವರೆಗೆ ಚಂದ್ರೋದಯಕ್ಕೆ ಕಾಯುವುದು ಈ ಕಾರಣಕ್ಕೆ. ಬಹುಳ ಅಷ್ಟಮಿಗೆ 90 ಡಿಗ್ರಿ, ಅಂದರೆ ಆರು ಗಂಟೆ. ಕೃಷ್ಣಾಷ್ಟಮಿಯ ಅರ್ಘ್ಯ ನಡುರಾತ್ರಿಯ ಹೊತ್ತಿಗೆ ಬರುತ್ತದೆ. ಶುಕ್ಲ ಪಕ್ಷದ ಗಣೇಶ ಚೌತಿಯಲ್ಲಿ ಕೋನ ಸಂಕಷ್ಟಿಯಷ್ಟೇ, ಆದರೆ ಅಳೆಯುವುದು ಸೂರ್ಯನಿಂದ. ಆದ್ದರಿಂದ ಅಂದಿನ ತೆಳು ಚಂದ್ರ ಸೂರ್ಯಾಸ್ತದ ನಂತರ ಪಶ್ಚಿಮದಲ್ಲಿ ಕಂಡು, ಎರಡು ಮೂರು ಗಂಟೆಗಳಲ್ಲಿ ಮುಳುಗುತ್ತಾನೆ. ಋತು ಮತ್ತು ಊರಿಗೆ ತಕ್ಕಂತೆ ಈ ವೇಳೆಗಳು ಸ್ವಲ್ಪ ಹಿಂದೆ ಮುಂದೆ ಆಗುತ್ತವೆ.

ಬಿದಿಗೆ, ತದಿಗೆಗಳಲ್ಲಿ ಬೆಳಗದ ಭಾಗವೂ ಮಸುಕಾಗಿ ಕಾಣುವುದನ್ನು ತಪ್ಪದೆ ಗಮನಿಸಿ. ಅದು ಭೂಮಿಯಿಂದ ಪ್ರತಿಫಲಿಸಿದ ಬಿಸಿಲು. ಆಗ ಚಂದ್ರನ ಮೇಲೆ ನಿಂತವರಿಗೆ ಭೂಮಿ ಹೆಚ್ಚುಕಡಿಮೆ ಪೂರ್ಣವಾಗಿ ಬೆಳಗುತ್ತಿರುತ್ತದೆ.

ಇನ್ನೊಂದು ಸಂಗತಿ: ಅಷ್ಟಮಿಯ ಅರ್ಧಚಂದ್ರನ ಬೆಳಕು ಹುಣ್ಣಿಮೆಯ ಅರ್ಧದಷ್ಟಿಲ್ಲ, ಸುಮಾರು ಹತ್ತನೇ ಒಂದು ಭಾಗ ಮಾತ್ರ. ಓರೆ ಬಿಸಿಲಿನಲ್ಲಿ ಅಲ್ಲಿನ ಗುಂಡಿಗಳೂ ಬೆಟ್ಟಗಳೂ ಉದ್ದದ ನೆರಳು ಚೆಲ್ಲುತ್ತವೆ. ಬೈನಾಕ್ಯುಲರ್ ಇದ್ದವರು ಚಂದ್ರನ ಮೇಲ್ಮೈಯನ್ನು ನೋಡಬೇಕಾದದ್ದು ಹುಣ್ಣಿಮೆಯಂದಲ್ಲ, ಅಷ್ಟಮಿಯ ಆಸುಪಾಸಿನಲ್ಲಿ, ಬೆಳಕು ಕತ್ತಲೆ ಸೇರುವ ಗೆರೆಯ ಉದ್ದಕ್ಕೂ.