ಹಿಂದಕ್ಕೆ ಬಾಗಿದ ರೆಕ್ಕೆ: ಕೊಸೈನ್ ಸೂತ್ರ ಎಲ್ಲಿಯವರೆಗೆ ನಡೆಯುತ್ತದೆ?

ಈ ಪಾಠಕ್ಕೆ ಬಂದವರೆಲ್ಲ ಮೊದಲು ಬಾಯಿಪಾಠ ಮಾಡುವ ಸೂತ್ರ ಒಂದೇ. ವಿಮಾನದ ಮ್ಯಾಕ್ ಸಂಖ್ಯೆಯನ್ನು (ಅದರ ವೇಗ ಶಬ್ದವೇಗದ ಎಷ್ಟು ಪಟ್ಟು ಎಂಬುದನ್ನು) ಸ್ವೀಪ್ ಕೋನದ, ಅಂದರೆ ರೆಕ್ಕೆ ಹಿಂದಕ್ಕೆ ಬಾಗಿದ ಕೋನದ, ಕೊಸೈನ್‌ನಿಂದ ಗುಣಿಸಿ. ಬೋಯಿಂಗ್ 747ರ ಸ್ವೀಪ್ 37.5 ಡಿಗ್ರಿ. ಅದು ಮ್ಯಾಕ್ 0.85ರಲ್ಲಿ ಹಾರುವಾಗ ರೆಕ್ಕೆಗೆ ನೇರ ಅಡ್ಡಲಾಗಿ ಬರುವ ಗಾಳಿಯ ಪಾಲು ಸುಮಾರು ಮ್ಯಾಕ್ 0.67. ಸರಿ, ಆದರೆ ರೆಕ್ಕೆಯ ಉದ್ದಕ್ಕೆ ಹರಿಯುವ ಇನ್ನೊಂದು ಪಾಲನ್ನು ಯಾಕೆ ಬಿಟ್ಟೆವು?

ಕಾಲುವೆಗೆ ಅಡ್ಡಲಾಗಿ ಒಂದು ಉದ್ದನೆ ಪೈಪ್ ಹಿಡಿದಿದ್ದೀರಿ ಅಂದುಕೊಳ್ಳಿ. ಈಗ ಪೈಪನ್ನು ಅದರ ಉದ್ದಕ್ಕೇ ಸುಮ್ನೆ ಎಳೆಯಿರಿ. ನೀರಿನ ಜಿಗುಟನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಸುತ್ತಲಿನ ಒತ್ತಡ ಒಂದಿಷ್ಟೂ ಬದಲಾಗುವುದಿಲ್ಲ, ಯಾಕಂದ್ರೆ ಪೈಪಿನ ಆಕಾರ ಉದ್ದಕ್ಕೂ ಒಂದೇ. ಪೈಪಿನ ಜೊತೆ ಸಾಗುತ್ತಾ ನೋಡಿದರೆ ನೀರು ಓರೆಯಾಗಿ ಬರುತ್ತದೆ, ಅಷ್ಟೇ. 1935ರಲ್ಲಿ ರೋಮ್‌ನ ವೋಲ್ಟಾ ಸಮ್ಮೇಳನದಲ್ಲಿ ಅಡಾಲ್ಫ್ ಬುಸೆಮಾನ್ ಶಬ್ದಕ್ಕಿಂತ ಜಾಸ್ತಿ ವೇಗಕ್ಕೆ ಮುಂದಿಟ್ಟಿದ್ದು ಈ ಯೋಚನೆಯನ್ನೇ. 1945ರಲ್ಲಿ ಅಮೆರಿಕದ ರಾಬರ್ಟ್ ಜೋನ್ಸ್ ಬೇರೆ ದಾರಿಯಿಂದ ಇಲ್ಲಿಗೇ ಬಂದರು.

ಒತ್ತಡವನ್ನು ತೀರ್ಮಾನಿಸುವುದು ಅಡ್ಡ ಪಾಲು ಮಾತ್ರವಾದ್ದರಿಂದ, ಬಾಗಿದ ರೆಕ್ಕೆಯಲ್ಲಿ ಶಾಕ್, ಅಂದರೆ ಒತ್ತಡ ಒಮ್ಮೆಗೇ ಜಿಗಿಯುವ ಅಲೆ, ಇನ್ನೂ ಹೆಚ್ಚಿನ ವೇಗದಲ್ಲಿ ಹುಟ್ಟುತ್ತದೆ. ಇದಕ್ಕೆ ಬೆಲೆಯೂ ಇದೆ. ಗಾಳಿಯ ಚಲನ ಒತ್ತಡ (ವೇಗದಿಂದ ಬರುವ ಒತ್ತಡ) ಕೊಸೈನ್‌ನ ವರ್ಗದಷ್ಟು ಇಳಿಯುತ್ತದೆ. 747ಕ್ಕೆ ಅದು 0.63. ಹಾಗಾಗಿ ಅಷ್ಟೇ ಭಾರ ಎತ್ತಲು ಅಡ್ಡ ಸೀಳಿನ (ರೆಕ್ಕೆಯನ್ನು ಅಡ್ಡಕ್ಕೆ ಕತ್ತರಿಸಿದಾಗ ಕಾಣುವ ಆಕಾರದ) ಲಿಫ್ಟ್ ಗುಣಾಂಕ, ಅಂದರೆ ಎತ್ತುವ ಸಾಮರ್ಥ್ಯದ ಅಳತೆ, ಸುಮಾರು 1.6 ಪಟ್ಟು ಬೇಕು. ಶಾಕ್ ಹುಟ್ಟುವ ವೇಗ ಸೂತ್ರ ಹೇಳಿದಷ್ಟು ಮೇಲಕ್ಕೆ ಹೋಗದಿರಲು ಇದೊಂದು ಕಾರಣ.

ನನಗೆ ತುಂಬಾ ಇಷ್ಟವಾದ ಭಾಗ ಮುಂದಿನದು. ಗಾಳಿ ರೆಕ್ಕೆಯ ಮುಂಚೂಣಿಗೆ ಬರುವಾಗ ಅಡ್ಡ ಪಾಲು ನಿಧಾನವಾಗುತ್ತದೆ, ಉದ್ದದ ಪಾಲು ಹಾಗೇ ಇರುತ್ತದೆ. ಆದ್ದರಿಂದ ಹರಿವು ತುದಿಯ ಕಡೆ ತಿರುಗುತ್ತದೆ. ರೆಕ್ಕೆಯ ಮೇಲೆ ಅಡ್ಡ ಪಾಲು ಜೋರಾದಾಗ ಬುಡದ ಕಡೆ ವಾಲುತ್ತದೆ, ಹಿಂಬದಿಯಲ್ಲಿ ಮತ್ತೆ ತುದಿಯ ಕಡೆ. ಹಾವಿನಂತೆ ಬಳುಕುವ ಗೆರೆ. ಈಗ ಎರಡು ರೆಕ್ಕೆ ಸೇರುವ ನಡುಗೆರೆಗೆ ಬನ್ನಿ. ಅಲ್ಲಿ ಎಡ ಬಲ ಒಂದೇ ಥರ ಇರುವುದರಿಂದ ಗಾಳಿ ಯಾವ ಕಡೆಗೂ ಬಳುಕುವಂತಿಲ್ಲ, ನೇರವಾಗಿಯೇ ಹೋಗಬೇಕು, ಅಲ್ವಾ? ಅಂದರೆ ನಮ್ಮ ಪೈಪಿನ ವಾದವೇ ಅಲ್ಲಿ ಮುರಿಯುತ್ತದೆ. ಸಮಾನ ಒತ್ತಡದ ಗೆರೆಗಳು, ಅಂದರೆ ಐಸೋಬಾರ್‌ಗಳು, ನಡುಗೆರೆಯನ್ನು ಲಂಬವಾಗಿ ದಾಟುತ್ತವೆ. ರೆಕ್ಕೆ ಬಾಗಿದ್ದರೂ ಒತ್ತಡ ಬಾಗಿಲ್ಲ. ಒತ್ತಡ ಅತಿ ಕಡಿಮೆ ಇರುವ ಜಾಗ ಬುಡದಲ್ಲಿ ಹಿಂದಕ್ಕೆ ಸರಿಯುತ್ತದೆ, ತುದಿಯಲ್ಲಿ ಮುಂದಕ್ಕೆ.

ಹಾಗಾಗಿ ಸ್ವೀಪ್ ಅಂದಾಗ ರೆಕ್ಕೆಯ ಅಂಚಿನ ಕೋನ ನೋಡಿದರೆ ಸಾಲದು, ಐಸೋಬಾರ್‌ನ ಕೋನ ನೋಡಬೇಕು. ಒಂದು ಜಾಗದಲ್ಲಿ ಒಟ್ಟು ವೇಗ ಮ್ಯಾಕ್ 1 ದಾಟಿದರೂ, ಐಸೋಬಾರ್‌ಗೆ ಲಂಬವಾದ ಪಾಲು 1ರ ಒಳಗಿದ್ದರೆ ಶಾಕ್ ಇಲ್ಲದೆ ಹರಿಯಬಹುದು. ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ಡೀಟ್ರಿಚ್ ಕ್ಯೂಕೆಮಾನ್ ಬುಡದ ಸೀಳು ಮತ್ತು ಒಡಲಿನ ಆಕಾರ ಬದಲಿಸಿ ಐಸೋಬಾರ್‌ಗಳನ್ನು ಕೊನೆಯವರೆಗೂ ಬಾಗಿಸಿಡಲು ಹೊರಟಿದ್ದು ಇದಕ್ಕೇ.

ಗಣಿತದ ಕಡೆ ಒಂದು ಮಾತು. ಸರಳ ರೇಖೀಯ ಸಮೀಕರಣದಲ್ಲಿ 1ರಿಂದ ಮ್ಯಾಕ್ ವರ್ಗ ಕಳೆದ ಗುಣಕ ಬರುತ್ತದೆ. ಶಬ್ದವೇಗದ ಹತ್ತಿರ ಅದು ಸೊನ್ನೆಯಾಗಿ ಲೆಕ್ಕ ಕುಸಿಯುತ್ತದೆ. ಟ್ರಾನ್ಸಾನಿಕ್, ಅಂದರೆ ಶಬ್ದವೇಗದ ಆಸುಪಾಸಿನ, ಸಮೀಕರಣದಲ್ಲಿ ಆ ಗುಣಕಕ್ಕೆ ಹರಿವಿನದೇ ವೇಗ ಸೇರುವುದರಿಂದ, ಒಂದೇ ರೆಕ್ಕೆಯ ಮೇಲೆ ಸಮೀಕರಣದ ಸ್ವಭಾವವೇ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. 1971ರಲ್ಲಿ ಸಂಶೋಧಕರಾದ ಮರ್ಮನ್ ಮತ್ತು ಕೋಲ್ ಪ್ರತಿ ಬಿಂದುವಿನ ಸ್ವಭಾವ ನೋಡಿ ಅದಕ್ಕೆ ತಕ್ಕ ಲೆಕ್ಕ ಹಾಕುವ ವಿಧಾನ ಕೊಟ್ಟರು.

ಸೂತ್ರ ಹಾಕುವ ಮೊದಲು ಕಾಗದದ ಮೇಲೆ ಅರ್ಧ ರೆಕ್ಕೆ ಬರೆದು, ಬುಡದಿಂದ ತುದಿಯವರೆಗೆ ಮೂರು ಐಸೋಬಾರ್ ಎಳೆಯಿರಿ. ನಡುಗೆರೆಯ ಹತ್ತಿರ ನಿಮ್ಮ ಗೆರೆ ತಾನಾಗಿಯೇ ಅದಕ್ಕೆ ಲಂಬವಾಗಬೇಕಾಗುತ್ತದೆ.