ಡ್ರಾಫ್ಟ್ ಬಂದ ಮೇಲೆ ಬೇಸ್‌ಬಾಲ್ ಸ್ಕೌಟ್‌ಗಳ ಕೆಲಸ ಏನಾಯಿತು?

1964ರಲ್ಲಿ ಲಾಸ್ ಏಂಜಲೀಸ್ ಏಂಜಲ್ಸ್ ತಂಡ ರಿಕ್ ರೈಕಾರ್ಟ್ ಎಂಬ ಕಾಲೇಜು ಹುಡುಗನಿಗೆ 2,05,000 ಡಾಲರ್ ಕೊಟ್ಟು ಸಹಿ ಹಾಕಿಸಿಕೊಂಡಿತು. ಮರುವರ್ಷ ಜೂನ್‌ನಲ್ಲಿ ಅಮೆರಿಕದ ಬೇಸ್‌ಬಾಲ್‌ನ ಅತಿ ದೊಡ್ಡ ಲೀಗ್ ಆದ ಮೇಜರ್ ಲೀಗ್ ಮೊದಲ ಡ್ರಾಫ್ಟ್ ನಡೆಸಿತು. ಅದರಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾದ ರಿಕ್ ಮಂಡೆಗೆ ಸಿಕ್ಕಿದ್ದು ಸುಮಾರು ಒಂದು ಲಕ್ಷ. ಸೋಲುವ ತಂಡಗಳಿಗೂ ಒಳ್ಳೆ ಹುಡುಗರು ಸಿಗಲಿ ಎಂಬ ಉದ್ದೇಶ ಇತ್ತು, ನಿಜ. ಆದರೆ ಮಾಲೀಕರಿಗೆ ಮುಖ್ಯವಾಗಿ ಬೇಕಿದ್ದದ್ದು ಖರ್ಚಿಗೆ ಕಡಿವಾಣ.

ಐಪಿಎಲ್ ಹರಾಜಿನಲ್ಲಿ ಜಾಸ್ತಿ ದುಡ್ಡು ಕೂಗಿದವರಿಗೆ ಆಟಗಾರ ಸಿಗುತ್ತಾನೆ. ಡ್ರಾಫ್ಟ್‌ನಲ್ಲಿ ಕೂಗುವ ಮಾತೇ ಇಲ್ಲ. ತಂಡಗಳು ಸರದಿಯಂತೆ ಒಬ್ಬೊಬ್ಬರನ್ನೇ ಆರಿಸುತ್ತವೆ, ಎಲ್ಲರ ಸರದಿ ಒಮ್ಮೆ ಮುಗಿದರೆ ಒಂದು ಸುತ್ತು. ಹಿಂದಿನ ವರ್ಷ ಕೆಳಗಿದ್ದ ತಂಡಕ್ಕೆ ಮೊದಲ ಸರದಿ ಎಂಬುದು ಮೂಲ ನಿಯಮ. 2023ರಿಂದ ಮೊದಲ ಕೆಲವು ಸ್ಥಾನಗಳಿಗೆ ಲಾಟರಿ ಎತ್ತುತ್ತಾರೆ.

ಈ ಒಂದು ಬದಲಾವಣೆ ಸ್ಕೌಟ್‌ಗಳ ಕೆಲಸವನ್ನೇ ಬದಲಿಸಿತು. ಅದಕ್ಕೂ ಮೊದಲು ಸ್ಕೌಟ್ ಊರೂರು ಸುತ್ತಿ ಹುಡುಗನನ್ನು ಹುಡುಕುತ್ತಿದ್ದ, ಅಪ್ಪ ಅಮ್ಮನ ಎದುರು ಕೂತು ಒಪ್ಪಿಸುತ್ತಿದ್ದ, ಸಹಿಯನ್ನೂ ಹಾಕಿಸುತ್ತಿದ್ದ. ಡ್ರಾಫ್ಟ್ ಬಂದ ಮೇಲೆ ಅವನ ಕೈಯಲ್ಲಿ ಮುಖ್ಯವಾಗಿ ಉಳಿದದ್ದು ವರದಿ ಬರೆಯುವುದು. ಹುಡುಗ ಯಾರ ಪಾಲಾಗುತ್ತಾನೆ ಎಂಬುದು ಸರದಿಗೆ ಬಿಟ್ಟ ವಿಷಯ.

ಮೊದಲ ವರ್ಷವೇ ಇದರ ನೋವು ಕಂಡಿತು. ಟೆಕ್ಸಾಸ್‌ನ ಆಲ್ವಿನ್ ಎಂಬ ಸಣ್ಣ ಊರಿನ ಶಾಲಾ ಹುಡುಗ, ಎಸೆತಗಾರ ನೋಲನ್ ರಯಾನ್ ಮೇಲೆ ಮೆಟ್ಸ್ ತಂಡದ ಸ್ಕೌಟ್ ರೆಡ್ ಮರ್ಫ್‌ಗೆ ಪೂರ್ತಿ ನಂಬಿಕೆಯಿತ್ತು. ಮೇಲಧಿಕಾರಿ ನೋಡಲು ಬಂದ ದಿನವೇ ರಯಾನ್ ಕೆಟ್ಟದಾಗಿ ಎಸೆದ. ಮೆಟ್ಸ್ ಅವನನ್ನು ಆರಿಸಿದ್ದು 12ನೇ ಸುತ್ತಿನಲ್ಲಿ, 295ನೆಯವನಾಗಿ. ಮುಂದೆ ಅವನು ಪಡೆದ ಸ್ಟ್ರೈಕ್‌ಔಟ್‌ಗಳು, ಅಂದರೆ ಎಸೆತದಿಂದಲೇ ಬ್ಯಾಟರ್‌ನನ್ನು ಔಟ್ ಮಾಡಿದ್ದು, 5,714, ಇವತ್ತಿಗೂ ದಾಖಲೆ. ಮರ್ಫ್ ನೋಡಿದ್ದು ಸರಿಯಾಗಿಯೇ ಇತ್ತು, ಅವನ ಮಾತಿಗೆ ಬೆಲೆ ಸಿಗಲಿಲ್ಲ ಅಷ್ಟೇ.

ಹಾಗಾದರೆ ವರದಿಯಲ್ಲಿ ಏನಿರುತ್ತದೆ? ಎಸೆತಗಾರನಲ್ಲದ ಆಟಗಾರನಿಗೆ ಬ್ಯಾಟಿಂಗ್, ಹೊಡೆತದ ಬಲ, ಓಟ, ಫೀಲ್ಡಿಂಗ್, ಎಸೆತ ಎಂಬ ಐದು ವಿಷಯಕ್ಕೆ 20ರಿಂದ 80ರವರೆಗೆ ಅಂಕ. 50 ಅಂದರೆ ಮೇಜರ್ ಲೀಗಿನ ಸರಾಸರಿ. ಈಗಿನ ಆಟಕ್ಕೊಂದು ಅಂಕ, ಮುಂದೆ ಏನಾಗಬಹುದು ಎಂಬುದಕ್ಕೆ ಇನ್ನೊಂದು. ಕಷ್ಟ ಇರುವುದು ಈ ಎರಡನೆಯದರಲ್ಲಿ. ಹದಿನೇಳರ ಹುಡುಗ ಇಪ್ಪತ್ತೈದಕ್ಕೆ ಹೇಗಿರುತ್ತಾನೆ ಎಂದು ಹೇಳಬೇಕಲ್ವಾ? 1966ರಲ್ಲಿ ಮೊದಲ ಸರದಿ ಇದ್ದ ಮೆಟ್ಸ್, ರೆಜಿ ಜಾಕ್ಸನ್‌ನನ್ನು ಬಿಟ್ಟು ಸ್ಟೀವ್ ಚಿಲ್ಕಾಟ್‌ನನ್ನು ಆರಿಸಿತು. ಗಾಯಗಳಿಂದ ನರಳಿದ ಚಿಲ್ಕಾಟ್ ಮೇಜರ್ ಲೀಗ್ ತಲುಪಲೇ ಇಲ್ಲ. ಜಾಕ್ಸನ್ 563 ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್‌ನಂಥ ಹೊಡೆತ) ಹೊಡೆದ.

1974ರಲ್ಲಿ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಕೋಚ್ ಡ್ಯಾನಿ ಲಿಟ್‌ವೈಲರ್ ಪತ್ರಿಕೆಯಲ್ಲಿ ಪೊಲೀಸರ ರೇಡಾರ್ ಗನ್ ಚಿತ್ರ ನೋಡಿದರು. ಕಾರಿನ ವೇಗ ಅಳೆಯುವುದಾದರೆ ಚೆಂಡಿನದ್ದೂ ಅಳೆಯಬಹುದು ಎಂದು ಅವರಿಗೆ ಹೊಳೆಯಿತು. ಕೆಲವೇ ವರ್ಷಗಳಲ್ಲಿ ಸ್ಕೌಟ್‌ಗಳ ಕೈಗೆ ಈ ಗನ್ ಬಂತು. ಈಗ ಚೆಂಡು ಎಷ್ಟು ಸುತ್ತುತ್ತದೆ ಎಂಬುದನ್ನೂ ಯಂತ್ರ ಹೇಳುತ್ತದೆ.

ಅಳತೆ ಬಂದದ್ದು ಒಳ್ಳೆಯದೇ, ಕಣ್ಣಿನ ಪಕ್ಷಪಾತ ಕಡಿಮೆಯಾಯಿತು. ಆದರೆ ವೇಗಕ್ಕೇ ಬೆಲೆ ಎಂದು ಗೊತ್ತಾದರೆ ಹುಡುಗರು ವೇಗದ ಹಿಂದೆಯೇ ಓಡುತ್ತಾರೆ. ಎಸೆತಗಾರರ ಗಾಯಗಳು ಯಾಕೆ ಹೆಚ್ಚುತ್ತಿವೆ ಎಂದು 2024ರ ಡಿಸೆಂಬರ್‌ನಲ್ಲಿ ಲೀಗ್ ವರದಿ ಕೊಟ್ಟಿತು. ಅದರಲ್ಲಿ ವೇಗದ ಹಂಬಲವೇ ಮುಖ್ಯ ಕಾರಣಗಳಲ್ಲೊಂದು. ಸ್ಕೌಟ್‌ಗಳ ಮುಂದೆ ಆಡಿ ತೋರಿಸುವ ಶಾಲಾ ಹುಡುಗರ ಪಂದ್ಯಗಳ ಪ್ರಸ್ತಾಪವೂ ಇದೆ. ಬೆಳೆಯುವ ಮೈಗೆ ಇಷ್ಟು ಭಾರ ಹೊರಿಸುವುದು ತಪ್ಪು ಎಂದೇ ನನ್ನ ಅಭಿಪ್ರಾಯ.

ಕಣ್ಣಿನ ಕೆಲಸ ಮುಗಿದಿಲ್ಲ. 2009ರಲ್ಲಿ ನ್ಯೂಜೆರ್ಸಿಯ ಮಿಲ್‌ವಿಲ್‌ನ, ಮುಂದೆ ದೊಡ್ಡ ತಾರೆಯಾದ ಮೈಕ್ ಟ್ರೌಟ್ 25ನೆಯವನಾಗಿ ಆಯ್ಕೆಯಾದ. ಚಳಿಯ ಊರಲ್ಲಿ ವಸಂತದ ಪಂದ್ಯಗಳೇ ಕಡಿಮೆ, ಅವನನ್ನು ಅಳೆಯುವ ಅವಕಾಶವೂ ಕಡಿಮೆ. ಏಂಜಲ್ಸ್ ಸ್ಕೌಟ್ ಗ್ರೆಗ್ ಮೋರ್‌ಹಾರ್ಟ್ ಹಿಂದೆ ಟ್ರೌಟ್‌ನ ಅಪ್ಪನ ಜೊತೆ ಆಡಿದ್ದವರು. ಅವರು ಈ ಹುಡುಗನಿಗಾಗಿ ಪಟ್ಟು ಹಿಡಿದರು.

ಕೊನೆಯ ಸುತ್ತುಗಳಲ್ಲಿ ಒಳಬರುವವರ ಬಾಗಿಲು ಮಾತ್ರ ಸಣ್ಣದಾಗಿದೆ. 1988ರಲ್ಲಿ ಮೈಕ್ ಪಿಯಾಟ್ಜಾ 62ನೇ ಸುತ್ತಿನಲ್ಲಿ, 1,390ನೆಯವನಾಗಿ ಆಯ್ಕೆಯಾದ. ಅದೂ ಡಾಜರ್ಸ್ ತಂಡದ ಮ್ಯಾನೇಜರ್ ಅವನ ಅಪ್ಪನ ಸ್ನೇಹಿತರಾಗಿದ್ದರಿಂದ. 2016ರಲ್ಲಿ ಅವನು ಬೇಸ್‌ಬಾಲ್ ದಿಗ್ಗಜರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದ. 2021ರಿಂದ ಡ್ರಾಫ್ಟ್‌ನಲ್ಲಿ ಇರುವುದು 20 ಸುತ್ತು. ಅದರಾಚೆ ಉಳಿದ ಹುಡುಗ ಯಾವುದಾದರೂ ತಂಡ ಕರೆದರೆ ಸಹಿ ಹಾಕಬಹುದು. ಆದರೆ ಕರೆಯಬೇಕಾದರೆ ಅವನ ಆಟವನ್ನು ಯಾರಾದರೂ ಹೋಗಿ ನೋಡಿರಬೇಕು.